ಬೀಗದ ಊರಿನಲ್ಲಿ ಬೀಗ ಬೇಡದ ಬಾಗಿಲು

2025ರ ಡಿಸೆಂಬರ್ 6ರ ತಡರಾತ್ರಿ ಗೋವಾದ ಅರ್ಪೋರಾದಲ್ಲಿ ನೈಟ್‌ಕ್ಲಬ್ ಒಂದಕ್ಕೆ ಬೆಂಕಿ ಬಿದ್ದು 25 ಮಂದಿ ಅಸುನೀಗಿದರು. ಅವರಲ್ಲಿ ಬಹುಪಾಲು ಜನ ಮೋಜಿಗಾಗಿ ಬಂದ ಅತಿಥಿಗಳಲ್ಲ, ಅಡುಗೆಮನೆ ಹಾಗೂ ಇತರ ಕೆಲಸಗಳ ಸಿಬ್ಬಂದಿ. ಇಂತಹ ದುರಂತ ಸಂಭವಿಸಿದಾಗಲೆಲ್ಲ ನಮ್ಮ ಮುಂಬಯಿಯಲ್ಲಿಯೂ ಒಂದೆರಡು ವಾರ ತಪಾಸಣೆಯ ಸುದ್ದಿಗಳು ಬರುತ್ತವೆ, ಕೆಲವು ಹೋಟೆಲು, ಪಬ್ಬುಗಳಿಗೆ ನೋಟೀಸು ಹೋಗುತ್ತದೆ, ಮೂರನೆಯ ವಾರಕ್ಕೆ ಎಲ್ಲವೂ ಮೊದಲಿನಂತಾಗುತ್ತದೆ. ಬೆಂಕಿ ಹೇಗೆ ಹತ್ತಿತು, ಪರವಾನಗಿ ಕೊಟ್ಟವರಾರು, ಅಧಿಕಾರಿಗಳು ಎಲ್ಲಿದ್ದರು ಎಂಬ ಚರ್ಚೆಗಳ ನಡುವೆ ಒಂದು ಸಣ್ಣ ಸಂಗತಿ ಮರೆಯಾಗಿ ಹೋಗುತ್ತದೆ. ಅದು ಬಾಗಿಲು. ಬಾಗಿಲೆಂದರೆ ಬರಿಯ ಕದವಲ್ಲ. ಆ ಕದಕ್ಕೆ ಜೋಡಿಸಿದ ಚಿಲಕ, ಹಿಡಿ, ಅಗಳಿ, ಬೀಗ, ತನ್ನಷ್ಟಕ್ಕೆ ಮುಚ್ಚಿಕೊಳ್ಳುವಂತೆ ಮಾಡುವ ಡೋರ್ ಕ್ಲೋಸರ್. ಇವುಗಳನ್ನು ಆರಿಸುವವರು ಅಗ್ನಿಶಾಮಕ ಅಧಿಕಾರಿಗಳಲ್ಲ. ಆರಿಸುವವರು ಹೋಟೆಲಿನ ಮಾಲೀಕರು, ಸಭಾಗೃಹದ ಕಾರ್ಯಕಾರಿ ಸಮಿತಿಯವರು, ಕಚೇರಿಯ ಆಡಳಿತ ನೋಡಿಕೊಳ್ಳುವವರು. ಎಂದರೆ, ಹೆಚ್ಚು ಕಡಿಮೆ ನಾವೇ.

ವಿಕ್ರೋಳಿಯಲ್ಲಿ ಕುಳಿತು ಇದನ್ನು ಬರೆಯುವಾಗ ಒಂದು ವಿಚಿತ್ರ ಸಂಗತಿ ಮನಸ್ಸಿಗೆ ಬರುತ್ತದೆ. ಈ ಊರನ್ನು ದೇಶಕ್ಕೆ ಪರಿಚಯಿಸಿದ್ದೇ ಬೀಗ. 1897ರಲ್ಲಿ ಅರ್ದೇಶಿರ್ ಗೋದ್ರೆಜ್ ಅವರು ಲಾಲ್‌ಬಾಗ್‌ನ ಒಂದು ಸಣ್ಣ ಶೆಡ್ಡಿನಲ್ಲಿ ಬೀಗ ತಯಾರಿಸಲು ತೊಡಗಿದರು. 1940ರ ದಶಕದಲ್ಲಿ ಅವರ ತಮ್ಮ ಪಿರೋಜ್‌ಶಾ ಅವರು ವಿಕ್ರೋಳಿಯಲ್ಲಿ ಭೂಮಿ ಕೊಂಡು ಕಾರ್ಖಾನೆಗಳನ್ನು ಬೆಳೆಸಿದರು. 1951-52ರ ಮೊದಲ ಮಹಾಚುನಾವಣೆಗೆ ಮತಪೆಟ್ಟಿಗೆಗಳು ತಯಾರಾದದ್ದು ಇಲ್ಲಿಯೇ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಿಸಿ ಸುತ್ತಣ ಪ್ರದೇಶವೆಲ್ಲ ಹೊತ್ತಿ ಉರಿದಾಗ ತಮ್ಮ ತಿಜೋರಿಗಳ ಒಳಗಿದ್ದ ಕಾಗದಪತ್ರಗಳು ಸುರಕ್ಷಿತವಾಗಿ ಉಳಿದುವೆಂದು ಸಂಸ್ಥೆಯವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಹೊರಗಿನ ಬೆಂಕಿ ಒಳಗೆ ಬಾರದಂತೆ, ಹೊರಗಿನ ಕಳ್ಳ ಒಳಗೆ ನುಗ್ಗದಂತೆ ಕಾಯುವ ವಿದ್ಯೆ ನಮ್ಮ ಊರಿಗೆ ಕರಗತ. ಆದರೆ ಮನುಷ್ಯ ಕಾಗದವಲ್ಲ. ಅವನನ್ನು ತಿಜೋರಿಯಲ್ಲಿಟ್ಟು ಉಳಿಸಲಾಗದು. ಅವನು ಹೊರಗೆ ಬರಬೇಕು.

ಒಂದು ಕಾಲದ ಕಾರ್ಖಾನೆಗಳ ವಿಕ್ರೋಳಿ ಇಂದು ಗಾಜಿನ ಕಚೇರಿಗಳ ವಿಕ್ರೋಳಿಯಾಗಿದೆ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಉದ್ದಕ್ಕೂ ಎತ್ತರದ ವಾಣಿಜ್ಯ ಕಟ್ಟಡಗಳು ಎದ್ದಿವೆ. ಕಾರ್ಖಾನೆಯ ಕಾರ್ಮಿಕನು ತನ್ನ ಶೆಡ್ಡಿನ ಎಲ್ಲ ಬಾಗಿಲುಗಳನ್ನೂ ಬಲ್ಲವನಾಗಿದ್ದ. ಹದಿನೈದನೆಯ ಮಹಡಿಗೆ ಲಿಫ್ಟಿನಲ್ಲಿ ಹೋಗಿ ಲಿಫ್ಟಿನಲ್ಲಿಯೇ ಇಳಿಯುವ ನಮ್ಮ ಮಕ್ಕಳು ಆ ಕಟ್ಟಡದ ಮೆಟ್ಟಿಲಿನ ಬಾಗಿಲನ್ನು ಒಮ್ಮೆಯಾದರೂ ತಳ್ಳಿ ನೋಡಿದ್ದಾರೆಯೇ? ನಾವು ನಮ್ಮ ಮನೆಯಲ್ಲಿಯೇ ಕೇಳಿದೆವು. ಮೆಟ್ಟಿಲು ಯಾವ ಕಡೆಗಿದೆ ಎಂಬುದೇ ಗೊತ್ತಿಲ್ಲ ಎಂಬ ಉತ್ತರ ಬಂತು.

ನಮ್ಮ ಕನ್ನಡಿಗರಿಗೆ ಈ ಪಾಠ ಹೊಸದಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗಲಿ 92 ಜನ ಮಡಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅಂದು ಕಾಲೇಜಿನಲ್ಲಿದ್ದವರಿಗೂ ಶಾಲೆಯಲ್ಲಿದ್ದವರಿಗೂ ಆ ಸುದ್ದಿಯ ಮರುದಿನದ ಮೌನ ಇನ್ನೂ ನೆನಪಿರಬಹುದು. 2010ರ ಫೆಬ್ರವರಿ 23ರಂದು ಅದೇ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ ಒಂಬತ್ತು ಜೀವಗಳು ಹೋದುವು. ಅದು ಗುಡಿಸಲಲ್ಲ, ಡೇರೆಯಲ್ಲ. ಕಚೇರಿಗಳಿದ್ದ ಆಧುನಿಕ ಕಟ್ಟಡ. ಉಸಿರು ಕಟ್ಟಿದವರು ಕಿಟಕಿಯ ಗಾಜೊಡೆದು ಮೇಲಿನಿಂದ ಹಾರಿದ ದೃಶ್ಯವನ್ನು ನಾವೆಲ್ಲ ದೂರದರ್ಶನದ ತೆರೆಯ ಮೇಲೆ ನೋಡಿದೆವು. ಹೊರಹೋಗುವ ದಾರಿಗೆ ಬೀಗ ಬಿದ್ದಿತ್ತು, ಅಡಚಣೆಗಳಿದ್ದುವು ಎಂಬುದೇ ಆಗ ಕೇಳಿಬಂದ ಮುಖ್ಯ ದೂರು. ಮಡಿದವರ ಆಪ್ತರು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿ ಅಗ್ನಿಸುರಕ್ಷತೆಯ ಪ್ರಚಾರ ಕೈಗೊಂಡರು. ಮಗನನ್ನು, ಮಡದಿಯನ್ನು ಕಳೆದುಕೊಂಡವರು ಬಂದು ಹೇಳುವವರೆಗೂ ನಾವು ಕಾಯಬೇಕಾಯಿತು ಎಂಬುದು ನಾಚಿಕೆಯ ಮಾತು. ನಮ್ಮ ಮಗ್ಗುಲಿನದೇ ಬೇಕಾದರೆ, 2021ರ ಮಾರ್ಚ್ ತಿಂಗಳಲ್ಲಿ ಭಾಂಡುಪಿನ ಡ್ರೀಮ್ಸ್ ಮಾಲ್‌ನಲ್ಲಿ ಬೆಂಕಿ ಎದ್ದು ಅದರ ಮೇಲ್ಭಾಗದಲ್ಲಿದ್ದ ಆಸ್ಪತ್ರೆಯ ಕೋವಿಡ್ ರೋಗಿಗಳು ಪ್ರಾಣ ಬಿಟ್ಟದ್ದನ್ನು ನೆನೆಯಬಹುದು. ವಿಕ್ರೋಳಿಯಿಂದ ಭಾಂಡುಪು ಎರಡೇ ಸ್ಟೇಷನ್ ದೂರ.

2017ರ ಡಿಸೆಂಬರ್ ತಿಂಗಳು ಮುಂಬಯಿಗೆ ಕರಾಳವಾಗಿತ್ತು. 29ರ ನಡುರಾತ್ರಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮಹಡಿ ಪಬ್ಬುಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಪಾರಾಗುವ ದಾರಿ ಕಾಣದೆ ಶೌಚಾಲಯದೊಳಗೆ ಸೇರಿಕೊಂಡು ಅಲ್ಲಿಯೇ ಉಸಿರುಗಟ್ಟಿದವರು ಅವರಲ್ಲಿ ಹಲವರು. ಅದು ಎಲ್ಲರಿಗೂ ನೆನಪಿದೆ. ಅದಕ್ಕೆ ಹನ್ನೊಂದು ದಿನ ಮೊದಲು, 18ರ ಮುಂಜಾನೆ, ಸಾಕಿನಾಕಾದ ಖೈರಾನಿ ರಸ್ತೆಯ ಫರಸಾಣ ಅಂಗಡಿಯೊಂದರಲ್ಲಿ ಮಲಗಿದ್ದ 12 ಕೆಲಸಗಾರರು ಬೆಂದುಹೋದದ್ದು ಹೆಚ್ಚಿನವರಿಗೆ ಮರೆತಿದೆ. ನಾವು ಇದನ್ನು ಬೇಕೆಂದೇ ಎತ್ತಿ ಹೇಳುತ್ತಿದ್ದೇವೆ. ಊರಿನಿಂದ ಬಂದ ಹುಡುಗರು ರಾತ್ರಿ ಹೋಟೆಲಿನ ಮೇಜುಗಳನ್ನು ಒತ್ತಟ್ಟಿಗೆ ಸರಿಸಿ ಅಲ್ಲಿಯೇ ಮಲಗುವುದು ನಮ್ಮವರ ಚರಿತ್ರೆಯ ಭಾಗ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವರು ಈ ನಗರದಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೆ ಆ ರಾತ್ರಿಗಳಲ್ಲಿ ಶಟರನ್ನು ಹೊರಗಿನಿಂದ ಎಳೆದು ಬೀಗ ಹಾಕಿ ಬೀಗದ ಕೈಯನ್ನು ಧಣಿ ಮನೆಗೆ ಒಯ್ಯುವ ಪದ್ಧತಿಯೂ ಇತ್ತು. ಅಲ್ಲಲ್ಲಿ ಇಂದಿಗೂ ಇದೆ.

ಹಾಗಾದರೆ ಬಾಗಿಲಿಗೆ ಏನು ಹಾಕಬೇಕು? ನಾವು ಯಂತ್ರಶಾಸ್ತ್ರ ಓದಿದವರಲ್ಲ, ಕಲಾ ಪದವೀಧರರು. ಆದ್ದರಿಂದ ಚರಿತ್ರೆಯ ಕಡೆಯಿಂದ ಬರುವುದು ನಮಗೆ ಸುಲಭ. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳ ಪ್ರದರ್ಶನವೊಂದು ನಡೆದಿತ್ತು. ಕೊನೆಯಲ್ಲಿ ಬಹುಮಾನ ಹಂಚುತ್ತಾರೆಂದು ಕೇಳಿ ಮೇಲಿನ ಗ್ಯಾಲರಿಯ ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಒಳಮುಖವಾಗಿ ತೆರೆಯುವಂಥದು. ಒಬ್ಬೊಬ್ಬರೇ ಹಾಯುವಷ್ಟು ಸಂದು ಬಿಟ್ಟು ಅದಕ್ಕೆ ಅಗಳಿ ಹಾಕಲಾಗಿತ್ತು. 183 ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಸತ್ತರು. ಬೆಂಕಿಯೇ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಆ ದುರಂತದಿಂದ ಕಲಕಿಹೋದ ರಾಬರ್ಟ್ ಅಲೆಕ್ಸಾಂಡರ್ ಬ್ರಿಗ್ಸ್ ಎಂಬವರು ಒಳಗಿನಿಂದ ತಳ್ಳಿದರೆ ತಾನಾಗಿ ಬಿಚ್ಚಿಕೊಳ್ಳುವ ಅಗಳಿಯೊಂದನ್ನು ರೂಪಿಸಿ 1892ರಲ್ಲಿ ಪೇಟೆಂಟ್ ಪಡೆದರು.

ಇನ್ನೊಂದು ಕಥೆ ಅಮೆರಿಕದ್ದು. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೊಕ್ವಾ ನಾಟಕಶಾಲೆಯಲ್ಲಿ ಬೆಂಕಿ ಎದ್ದು 602 ಮಂದಿ ಸತ್ತರು. ಬಾಗಿಲುಗಳಿದ್ದುವು, ಆದರೆ ಪರದೆಗಳ ಹಿಂದೆ ಅಡಗಿದ್ದುವು; ಕೈಗೆ ಸಿಕ್ಕವುಗಳ ಚಿಲಕವನ್ನು ತೆರೆಯುವ ಬಗೆ ಜನರಿಗೆ ತಿಳಿಯಲಿಲ್ಲ. ಅಂದಿನ ಆಟಕ್ಕೆ ಹೋಗಬೇಕಾಗಿದ್ದು ಕೆಲಸದ ಕಾರಣ ಹೋಗಲಾಗದೆ ಉಳಿದ ಕಾರ್ಲ್ ಪ್ರಿಂಜ್ಲರ್ ಎಂಬವರು ಇಂಡಿಯಾನಾಪೊಲಿಸ್ ನಗರದ ವಾನೆಗಟ್ ಹಾರ್ಡ್‌ವೇರ್ ಕಂಪೆನಿಯ ಮಾರಾಟಗಾರರು. ವಾಸ್ತುಶಿಲ್ಪಿ ಹೆನ್ರಿ ಡುಪಾಂಟ್ ಅವರೊಡಗೂಡಿ ಅವರು ತಯಾರಿಸಿದ ತಳ್ಳುದಂಡೆಯ ಅಗಳಿ 1908ರಲ್ಲಿ ಮಾರುಕಟ್ಟೆಗೆ ಬಂತು. ವಾನೆಗಟ್, ಡುಪಾಂಟ್, ಪ್ರಿಂಜ್ಲರ್ ಮೂರೂ ಹೆಸರು ಬೆರೆತು ‘ವಾನ್ ಡುಪ್ರಿನ್’ ಆಯಿತು. ಆ ಮುದ್ರೆ ಇಂದಿಗೂ ಬಾಗಿಲುಗಳ ಮೇಲಿದೆ. ಕಾದಂಬರಿಕಾರ ಕರ್ಟ್ ವಾನೆಗಟ್ ಅದೇ ಮನೆತನದವರು ಎಂಬುದು ನಮ್ಮಂತಹ ಸಾಹಿತ್ಯಾಸಕ್ತರಿಗೆ ಒಂದು ಸಣ್ಣ ಖುಷಿ.

ಇಂದು ಪ್ಯಾನಿಕ್ ಬಾರ್ ಎಂದು ಕರೆಯಲಾಗುವ ಸಾಧನ ಇದೇ. ಬಾಗಿಲಿಗೆ ಅಡ್ಡಲಾಗಿ, ಸೊಂಟದ ಮಟ್ಟಕ್ಕಿಂತ ಕೊಂಚ ಮೇಲೆ, ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಒಂದು ದಂಡೆ. ಕೈಯಿಂದಲೋ, ಮೈಯಿಂದಲೋ, ಹೊತ್ತ ಮಗುವಿನ ಬೆನ್ನಿನಿಂದಲೋ ಅದನ್ನು ಒತ್ತಿದರೆ ಸಾಕು, ಅಗಳಿ ಸರಿಯುತ್ತದೆ. ತಿರುಗಿಸುವುದಿಲ್ಲ, ಎಳೆಯುವುದಿಲ್ಲ, ಬೀಗದ ಕೈ ಹುಡುಕುವುದಿಲ್ಲ. ಯುರೋಪಿನ ಇಎನ್ 1125 ಮಾನಕದ ಪ್ರಕಾರ ಅದು 80 ನ್ಯೂಟನ್, ಎಂದರೆ ಸುಮಾರು ಎಂಟು ಕಿಲೋ ತೂಕದ ಒತ್ತಡಕ್ಕೆ ತೆರೆದುಕೊಳ್ಳಬೇಕು. ಅಷ್ಟೇ ಅಲ್ಲ, ಹಿಂದಿನಿಂದ ಜನ ನೂಕಿ ಬಾಗಿಲ ಮೇಲೆಯೇ ನೂರು ಕಿಲೋದಷ್ಟು ಭಾರ ಬಿದ್ದಿರುವಾಗಲೂ 220 ನ್ಯೂಟನ್ ಒತ್ತಡದೊಳಗೆ ಬಿಡುಗಡೆಯಾಗಬೇಕು. ನಮ್ಮ ಮನೆಯ ಸಾಮಾನ್ಯ ಚಿಲಕ ಸೋಲುವುದು ಇಲ್ಲಿಯೇ. ಕದದ ಮೇಲೆ ಭಾರ ಬಿದ್ದೊಡನೆ ಅಗಳಿಯು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಎಳೆದಷ್ಟೂ ಬಿಗಿ.

ಎಲ್ಲ ಕಡೆಗೂ ಈ ದಂಡೆಯೇ ಬೇಕೆಂದಿಲ್ಲ. ಕಟ್ಟಡವನ್ನು ಬಲ್ಲವರು, ಪ್ರತಿದಿನ ಬಂದು ಹೋಗುವ ಕೆಲವೇ ಜನ ಇರುವ ಕಡೆ ಒಳಗಿನಿಂದ ಒತ್ತಿದರೆ ತೆರೆಯುವ ಹಿಡಿಯೂ ಸಾಕು. ಅದಕ್ಕೆ ಇಎನ್ 179 ಎಂಬ ಬೇರೆ ಮಾನಕವಿದೆ. ಹೋಟೆಲಿನಲ್ಲಿ ಮಲಗುವ ಹುಡುಗರ ವಿಷಯದಲ್ಲಿ ನಮ್ಮ ಸಲಹೆ ಇದು: ಶಟರಿಗೆ ಹೊರಗಿನಿಂದ ಬೀಗ ಹಾಕಿಕೊಳ್ಳಿ, ಆದರೆ ಹಿಂದುಗಡೆ ಒಂದು ಬಾಗಿಲಿರಲಿ, ಅದು ಹೊರಗಿನವರಿಗೆ ಕೀಲಿಯಿಂದ ಮಾತ್ರ, ಒಳಗಿನವರಿಗೆ ಬರಿಗೈಯಿಂದ ತೆರೆಯುವಂತಿರಲಿ. ಆದರೆ ಅಪರಿಚಿತರು ಸೇರುವ ಸ್ಥಳ, ಸಭಾಗೃಹ, ಮದುವೆ ಮಂಟಪ, ಬಾರ್, ಶಾಲೆ, ಮಾಲ್, ಇಲ್ಲೆಲ್ಲ ದಂಡೆಗೆ ಪರ್ಯಾಯವಿಲ್ಲ. ಅಮೆರಿಕದ ಕಟ್ಟಡ ಸಂಹಿತೆ 50 ಮಂದಿ ಸೇರುವ ಸಭಾಸ್ಥಾನಕ್ಕೇ ಇದನ್ನು ಕೇಳುತ್ತದೆ. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ನಿರ್ಗಮನ ಬಾಗಿಲು ಹೊರಮುಖವಾಗಿ ತೆರೆಯಬೇಕು, ಬಳಸುವವರ ಕಡೆಯಿಂದ ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ. ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಬೀಗದ ಕೈ ತೂಗುಹಾಕಿ ‘ಗಾಜು ಒಡೆಯಿರಿ’ ಎಂದು ಬರೆದರೆ ಈ ಮಾತಿಗೆ ಸಮವಾಗುವುದಿಲ್ಲ. ಹೊಗೆಯ ಕತ್ತಲೆಯಲ್ಲಿ ಗಾಜೊಡೆದು, ಕೆಳಗೆ ಬಿದ್ದ ಕೀಲಿ ಹುಡುಕಿ, ತೂತು ತಡವಿ ಬೀಗ ತೆಗೆಯುವವನು ಎಲ್ಲಿದ್ದಾನೆ?

ಕೊಳ್ಳುವಾಗ ಹೆಚ್ಚಿನವರು ಎಡವುವುದು ಬೆಂಕಿ ತಡೆಯುವ ಬಾಗಿಲಿನ ವಿಷಯದಲ್ಲಿ. ಮೆಟ್ಟಿಲಿನ ಬಾಯಿಗೆ ಇರುವ ಆ ದಪ್ಪ ಕದದ ಕೆಲಸ ಎರಡು: ಜನರನ್ನು ಬಿಡಬೇಕು, ಹೊಗೆಯನ್ನು ತಡೆಯಬೇಕು. ಆದ್ದರಿಂದ ಅದು ತಾನಾಗಿ ಮುಚ್ಚಿಕೊಂಡು ಅಗಳಿ ಬೀಳಲೇಬೇಕು. ಸಾಮಾನ್ಯ ಪ್ಯಾನಿಕ್ ಬಾರುಗಳಲ್ಲಿ ದಂಡೆಯನ್ನು ಒಳಗೇ ಒತ್ತಿ ನಿಲ್ಲಿಸಿಡುವ ಸೌಕರ್ಯವೊಂದಿರುತ್ತದೆ. ಹಗಲೆಲ್ಲ ಓಡಾಟವಿದ್ದಾಗ ಅನುಕೂಲ. ಬೆಂಕಿ ತಡೆಯುವ ಬಾಗಿಲಿಗೆ ಅದು ಇರಕೂಡದು. ಅದಕ್ಕೆಂದೇ ಪರೀಕ್ಷಿಸಿ ಪ್ರಮಾಣಪತ್ರ ಪಡೆದ ದಂಡೆಯನ್ನೇ ಕೇಳಬೇಕು, ಕದದ ಪ್ರಮಾಣಪತ್ರ ಬೇರೆ, ದಂಡೆಯದು ಬೇರೆ. ಕ್ಲೋಸರ್ ತೀರ ಬಿಗಿಯಾಗಿದ್ದರೆ ಅಜ್ಜಿಯರಿಗೆ ತಳ್ಳಲಾಗದು, ಸಡಿಲವಾಗಿದ್ದರೆ ಅಗಳಿ ಬೀಳದು. ಅದನ್ನು ಹೊಂದಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಹೀಗಿದ್ದೂ ನಾವು ಕಂಡ ಕಚೇರಿಗಳಲ್ಲಿ ಅರ್ಧದಷ್ಟು ಕಡೆ ಅಂತಹ ಬಾಗಿಲನ್ನು ಬೆಂಕಿ ಆರಿಸುವ ಸಿಲಿಂಡರನ್ನೇ ಆನಿಸಿ ತೆರೆದಿಟ್ಟಿರುತ್ತಾರೆ!

ಕಾರ್ಡು ತೋರಿಸಿದರೆ ತೆರೆಯುವ ವಿದ್ಯುತ್ ಬೀಗಗಳು ಹೊಸ ಕಚೇರಿಗಳ ಹೊಸ ತಲೆನೋವು. ಕರೆಂಟು ಹೋದಾಗ ತೆರೆದುಕೊಳ್ಳುವ ಬಗೆ ಒಂದು, ಮುಚ್ಚಿಯೇ ಉಳಿಯುವ ಬಗೆ ಇನ್ನೊಂದು. ನಿರ್ಗಮನದ ದಾರಿಯಲ್ಲಿ ಮೊದಲನೆಯದನ್ನೇ ಆರಿಸಬೇಕು. ಅಗ್ನಿ ಎಚ್ಚರಿಕೆಯ ಗಂಟೆ ಬಾರಿಸಿದೊಡನೆ ಬಿಡುಗಡೆಯಾಗುವಂತೆ ಅದನ್ನು ಬೆಸೆಯಬೇಕು. ಬೆಸೆದಿದ್ದೇವೆಂದು ಗುತ್ತಿಗೆದಾರರು ಹೇಳಿದರೆ ಗಂಟೆ ಬಾರಿಸಿ ತೋರಿಸಲು ಹೇಳಿ.

ಇನ್ನು ಲೋಹದ ಮಾತು. ವಿಕ್ರೋಳಿಯ ಪೂರ್ವಕ್ಕೆ ಠಾಣೆ ಖಾರಿ, ಕಾಂಡ್ಲಾ ಕಾಡು, ವರ್ಷವಿಡೀ ಉಪ್ಪುಗಾಳಿ. ಬಣ್ಣ ಬಳಿದ ಸಾಧಾರಣ ಉಕ್ಕಿನ ಅಗಳಿ ಕೆಲವೇ ಮಳೆಗಾಲಗಳಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಳಾಂಗಣಕ್ಕೆ ಒಳ್ಳೆಯದು, ಹೊರಬಾಗಿಲಿಗೆ 316 ಇನ್ನೂ ಉತ್ತಮ. ಎರಡು ಕದಗಳ ಬಾಗಿಲಿಗೆ ಮೇಲೂ ಕೆಳಗೂ ಸರಳು ಇಳಿಯುವ ದಂಡೆ ಬೇಕಾಗುತ್ತದೆ. ಕೆಳಗಿನ ಸರಳಿನ ಗುಳಿಯಲ್ಲಿ ಕಸ, ಸಿಮೆಂಟು ತುಂಬಿಕೊಳ್ಳುವುದರಿಂದ ಅದನ್ನು ಗುಡಿಸುವವರಿಗೆ ಹೇಳಿಡಬೇಕು.

ಇಷ್ಟೆಲ್ಲ ಇದ್ದೂ ಜನ ಬೀಗ ಯಾಕೆ ಹಾಕುತ್ತಾರೆ? ಮೂರ್ಖತನದಿಂದಲ್ಲ, ಭಯದಿಂದ. ಬಿಲ್ಲು ಕೊಡದೆ ಹೋಗುವ ಗಿರಾಕಿ, ಹಿಂಬಾಗಿಲಿನಿಂದ ಸಾಮಾನು ಸಾಗಿಸುವ ನೌಕರ, ಟಿಕೆಟಿಲ್ಲದೆ ನುಸುಳುವ ಪುಂಡ, ಇವರೆಲ್ಲ ದಿನನಿತ್ಯದ ಸತ್ಯ. ಬೆಂಕಿ ಎಂದೋ ಬರುವ ಅತಿಥಿ. ಬ್ಯಾಂಕಿನವರಾದ ನಮಗೆ ಈ ಭಯ ಚೆನ್ನಾಗಿ ಗೊತ್ತು. ಶಾಖೆಗಳಲ್ಲಿ ಕೊಲಾಪ್ಸಿಬಲ್ ಗೇಟಿಗೆ ಸರಪಳಿ ಬಿಗಿದು ಒಬ್ಬರೇ ಹಾಯುವಷ್ಟು ಜಾಗ ಬಿಡುವುದು ದರೋಡೆಕೋರನು ಓಡಿಹೋಗದಿರಲೆಂದು. ಅವನಿಗೆ ಇಕ್ಕಟ್ಟಾದ ದಾರಿ ಪಿಂಚಣಿ ತೆಗೆಯಲು ಬಂದ ಹಿರಿಯರಿಗೂ ಇಕ್ಕಟ್ಟೇ. ಸಂಡರ್‌ಲ್ಯಾಂಡಿನ ಆ ಬಾಗಿಲಿನ ಕಥೆ ಓದಿದ ದಿನ ಈ ಸರಪಳಿಯೇ ಕಣ್ಣ ಮುಂದೆ ಬಂತು. ಆದರೆ ಈ ಭಯಕ್ಕೆ ಬೀಗವಲ್ಲದ ಮದ್ದು ಇದೆ. ಬ್ಯಾಟರಿಯಿಂದ ನಡೆಯುವ ಗಂಟೆಯುಳ್ಳ ದಂಡೆಗಳು ಸಿಗುತ್ತವೆ; ತಳ್ಳಿದರೆ ಬಾಗಿಲು ತೆರೆಯುತ್ತದೆ, ಜೊತೆಗೆ ಇಡೀ ಹೋಟೆಲು ಕೇಳುವಂತೆ ಕೂಗುತ್ತದೆ. ಹೊರಗಡೆ ಹಿಡಿಯೇ ಇಲ್ಲದ ಬಾಗಿಲಿನಿಂದ ಯಾರೂ ಒಳಬರಲಾರರು. ಕಳ್ಳನನ್ನು ಹಿಡಿಯಲು ಅಷ್ಟು ಸಾಕು.

ಕಾನೂನು ಇಲ್ಲದಿಲ್ಲ. 2006ರ ಮಹಾರಾಷ್ಟ್ರ ಅಗ್ನಿ ತಡೆ ಮತ್ತು ಜೀವರಕ್ಷಕ ಕ್ರಮಗಳ ಕಾಯಿದೆಯಂತೆ ಕಟ್ಟಡದ ಮಾಲೀಕರು ಅಥವಾ ಅನುಭೋಗದಾರರು ಪರವಾನಗಿ ಪಡೆದ ಏಜೆನ್ಸಿಯಿಂದ ‘ಬಿ’ ನಮೂನೆಯ ಪ್ರಮಾಣಪತ್ರವನ್ನು ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಸಲ್ಲಿಸಬೇಕು. ಅನೇಕರು ಇದನ್ನು ಸಿಲಿಂಡರಿಗೆ ಚೀಟಿ ಅಂಟಿಸುವ ಕೆಲಸವೆಂದೇ ತಿಳಿದಿದ್ದಾರೆ. ನಾವೂ ತಪ್ಪಿತಸ್ಥರೇ. ಹೋಟೆಲು ವಿಸ್ತರಣೆಗೆಂದು ಸಾಲ ಕೇಳಿ ಬಂದವರಿಂದ ವರ್ಷಗಟ್ಟಲೆ ನಾವು ಬೆಂಕಿ ವಿಮೆಯ ಪಾಲಿಸಿಯನ್ನು ತಪ್ಪದೆ ಕೇಳಿದ್ದೇವೆ, ಸ್ಥಳಪರಿಶೀಲನೆಗೆ ಹೋಗಿ ಫ್ರಿಜ್ಜು, ಗ್ರೈಂಡರುಗಳನ್ನು ಎಣಿಸಿದ್ದೇವೆ. ಹಿಂಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಒಮ್ಮೆಯೂ ಕೇಳಿದ್ದಿಲ್ಲ. ಅಡವು ಇಟ್ಟ ಸಾಮಾನಿಗೆ ವಿಮೆಯಿತ್ತು. ಅಡುಗೆಮನೆಯ ಹುಡುಗನ ಬಗ್ಗೆ ನಮ್ಮ ನಮೂನೆಯಲ್ಲಿ ಕಾಲಮೇ ಇರಲಿಲ್ಲ.

ಕೊನೆಗೆ ನಮ್ಮ ಬಡಾವಣೆಯ ಸಮೀಪದ ಸಭಾಗೃಹವೊಂದರ ಸಂಗತಿ. ಯಕ್ಷಗಾನ ತಾಳಮದ್ದಳೆಗೆ ಮುನ್ನೂರು ಜನ ಸೇರಿದ್ದ ಸಂಜೆ ವೇದಿಕೆಯ ಪಕ್ಕದ ಎರಡನೆಯ ಬಾಗಿಲನ್ನು ನೋಡಲು ಹೋದೆವು. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಗೋಪುರ, ಹಿಂದೆ ತಾಮ್ರದ ಬೀಗ, ಬೀಗದ ಕೈ ಊರಿಗೆ ಹೋಗಿದ್ದ ವಾಚ್‌ಮನ್‌ನ ಕಿಸೆಯಲ್ಲಿ. ಮುಂದಿನ ಸಭೆಯಲ್ಲಿ ಮಾತೆತ್ತಿದಾಗ ಹಿರಿಯ ಸದಸ್ಯರೊಬ್ಬರು, “ಅಲ್ಲ ಮಾರಾಯ್ರೇ, ಹೊರಗಿನವರು ಬರಲಿಕ್ಕಿಲ್ಲ, ಒಳಗಿನವರು ಯಾರು ಬೇಕಾದರೂ ಹೋಗಬಹುದು ಅಂದರೆ ಅದು ಬೀಗವೋ ಬಾಗಿಲೋ?” ಎಂದು ಕೇಳಿದರು. ಎಲ್ಲರೂ ನಕ್ಕರು. ಖರ್ಚಿನ ಮಾತು ಬಂತು. ವಾರ್ಷಿಕೋತ್ಸವದ ಹೂವಿನ ಅಲಂಕಾರದ ಲೆಕ್ಕ ಮುಂದಿಟ್ಟ ಮೇಲೆ ಆ ಮಾತು ನಿಂತಿತು. ಕೆಲವು ತಿಂಗಳಲ್ಲಿ ಕದವನ್ನು ಹೊರಮುಖವಾಗಿ ತಿರುಗಿಸಿ ದಂಡೆ ಕೂರಿಸಲಾಯಿತು. ಪರೀಕ್ಷೆಗೆ ನಾವು ಕಾರ್ಯದರ್ಶಿಗಳನ್ನು ಕರೆಯಲಿಲ್ಲ, ಭಜನೆಗೆ ಬಂದಿದ್ದ ಎಂಬತ್ತರ ಹರೆಯದ ಅಮ್ಮನೊಬ್ಬರನ್ನು ಕರೆದೆವು. ಅವರು ಕೈಚೀಲ ಹಿಡಿದೇ ಮೈ ಆನಿಸಿದರು, ಬಾಗಿಲು ತೆರೆಯಿತು, ಗಂಟೆ ಕೂಗಿತು, ಅವರು ಬೆಚ್ಚಿಬಿದ್ದು ನಮಗೆ ಬೈದರು.

ಜುಲೈಯಲ್ಲಿ ಮತ್ತೊಮ್ಮೆ ನೋಡಿದೆವು. ಮಳೆಗೆ ಮರದ ಕದ ಉಬ್ಬಿ ಚೌಕಟ್ಟಿನ ಮೇಲ್ತುದಿಗೆ ಒರೆಸುತ್ತಿತ್ತು. ಅಗಳಿ ಸರಿದರೂ ಬಾಗಿಲು ಅಲುಗಲಿಲ್ಲ. ಬಡಗಿ ಬಂದು ಎರಡು ದಾರ ಕೆತ್ತಿ ಹೋಗಿದ್ದಾನೆ. ಜನವರಿಯಲ್ಲಿ ಆ ಅಮ್ಮನನ್ನು ಮತ್ತೆ ಕರೆಯುವುದೆಂದು ತೀರ್ಮಾನವಾಗಿದೆ, ಈ ಸಲ ಗಂಟೆಯ ವಿಷಯ ಮೊದಲೇ ತಿಳಿಸಿ.